ಲೀವೈಸ್ ಜಾಕೆಟ್ ನಿಜಕ್ಕೂ 70ರ ದಶಕದ್ದಾ? ಲೇಬಲ್ ನೋಡಿ ಬಟ್ಟೆಯ ವಯಸ್ಸು ಹೇಳುವುದು

ಪ್ರಶ್ನೆ: ಇನ್‌ಸ್ಟಾಗ್ರಾಮ್‌ನಲ್ಲಿ ಹಳೆ ಬಟ್ಟೆ ಮಾರುವ ಒಂದು ಥ್ರಿಫ್ಟ್ ಪುಟದಿಂದ ಲೀವೈಸ್ ಡೆನಿಮ್ ಜಾಕೆಟ್ ಕೊಂಡೆ. "70ರ ದಶಕದ ಒರಿಜಿನಲ್ ವಿಂಟೇಜ್" ಅಂತ ಹೇಳಿ 5,500 ರೂಪಾಯಿ ತಗೊಂಡರು. ಎದೆಯ ಮೇಲೆ ಎರಡು ಜೇಬು, ಕೆಳಗೆ ಪಕ್ಕದಲ್ಲಿ ಕೈ ಇಟ್ಟುಕೊಳ್ಳಲು ಇನ್ನೆರಡು ಜೇಬು ಇವೆ. ಕೆಂಪು ಟ್ಯಾಗ್‌ನಲ್ಲಿರುವ ಲೀವೈಸ್ ಹೆಸರಿನಲ್ಲಿ ಇಂಗ್ಲಿಷಿನ 'ಇ' ಸಣ್ಣಕ್ಷರ (e). ಒಳಗಿನ ಬಿಳಿ ಲೇಬಲ್‌ನಲ್ಲಿ 'ಮೇಡ್ ಇನ್ ಯು.ಎಸ್.ಎ.', 70506, 'ಡಬ್ಲ್ಯುಪಿಎಲ್ 423' ಅಂತ ಇದೆ. ಕೆಳಗೆ ಮಾಸಿದ ಒಂದಿಷ್ಟು ಅಂಕಿಗಳಿವೆ. ಡಬ್ಲ್ಯುಪಿಎಲ್ ಇದ್ದರೆ 1959ಕ್ಕಿಂತ ಹಳೆಯದು ಅಂತ ಎಲ್ಲೋ ಓದಿದ್ದೆ. ಹಾಗಾದರೆ ಇದು ಇನ್ನೂ ಹಳೆಯದಾ?

ಜೊತೆಗೆ ನ್ಯೂಜೆರ್ಸಿಯಲ್ಲಿರುವ ಅಕ್ಕ ಅಲ್ಲಿನ ಥ್ರಿಫ್ಟ್ ಅಂಗಡಿಯಿಂದ ಒಂದು ಉಣ್ಣೆ ಕೋಟು ತಂದುಕೊಟ್ಟಿದ್ದಾಳೆ. 80% ಉಣ್ಣೆ, 20% ನೈಲಾನ್, 'ಡ್ರೈ ಕ್ಲೀನ್ ಓನ್ಲಿ', ಆರ್‌ಎನ್ ಅಂತ ಐದು ಅಂಕಿಯ ನಂಬರ್. ಅಸ್ತರಿನ ಹೊಲಿಗೆಯಲ್ಲಿ ಕೆಂಪು, ಬಿಳಿ, ನೀಲಿ ಬಣ್ಣದ ಚಿಕ್ಕ ಲೇಬಲ್, ಅದರಲ್ಲಿ ಸೂಜಿದಾರದ ಚಿತ್ರ ಮತ್ತು 'ಐಎಲ್‌ಜಿಡಬ್ಲ್ಯುಯು'. ಯಾವ ದೇಶದ್ದು ಅಂತ ಎಲ್ಲೂ ಬರೆದಿಲ್ಲ. ಎಷ್ಟು ಹಳೆಯದು? ಕತ್ತಿನ ಲೇಬಲ್ ಚುಚ್ಚುತ್ತದೆ, ಕತ್ತರಿಸಿ ಬಿಸಾಕಬಹುದಾ?
ಓದುಗರು, ಬೆಂಗಳೂರು

ಉತ್ತರ:

ಬೇಸರದ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಜಾಕೆಟ್ 70ರ ದಶಕದ್ದಲ್ಲ. 50ರ ದಶಕದ್ದಂತೂ ಅಲ್ಲವೇ ಅಲ್ಲ. 1980ರ ದಶಕದಿಂದ 2003ರ ಒಳಗೆ ಯಾವಾಗಲೋ ಅಮೆರಿಕದಲ್ಲಿ ಹೊಲಿದದ್ದು. ನೀವು ಕೊಟ್ಟ ವಿವರ ನೋಡಿದರೆ ನಕಲಿ ಅನ್ನಿಸುವುದಿಲ್ಲ, ವಯಸ್ಸು ಮಾತ್ರ ಸುಳ್ಳು. ಕೋಟಿನ ವಿಷಯ ಖುಷಿ ಕೊಡುವಂಥದ್ದು. ಅದು ಬಹುತೇಕ 1974ರಿಂದ 1984ರ ನಡುವಿನದು. ಅಕ್ಕನ ಕಣ್ಣು ಚೆನ್ನಾಗಿದೆ.

ಹೇಗೆ ಗೊತ್ತಾಯಿತು ಅನ್ನುವ ಮುಂಚೆ ಒಂದು ಮಾತು. ಲೇಬಲ್‌ನಲ್ಲಿರುವ ಗುರುತುಗಳು ಬಟ್ಟೆ ಹೊಲಿದ ವರ್ಷವನ್ನು ನೇರವಾಗಿ ಹೇಳುವುದು ಕಡಿಮೆ. ಹೆಚ್ಚಿನವು ಹೇಳುವುದು ಇಷ್ಟೇ: ಈ ಬಟ್ಟೆ ಇಂಥ ವರ್ಷಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಕೆಲವು ಗುರುತು ಇದಕ್ಕೆ ಉಲ್ಟಾ, ಇಂಥ ವರ್ಷದ ಈಚೆಗಿನದಲ್ಲ ಅನ್ನುತ್ತವೆ. ಒಂದೇ ಬಟ್ಟೆಯಲ್ಲಿ 1936ರಲ್ಲಿ ಶುರುವಾದ ಗುರುತು, 1971ರಲ್ಲಿ ಶುರುವಾದ ಗುರುತು, 1984ರಲ್ಲಿ ಶುರುವಾದ ಗುರುತು ಮೂರೂ ಇದ್ದರೆ ಬಟ್ಟೆ 1984ರ ನಂತರದ್ದು. ಎಲ್ಲಕ್ಕಿಂತ ಹೊಸ ಗುರುತಿನ ಮಾತೇ ಕೊನೆಯ ಮಾತು. ಮಾರುವವರು ಇದನ್ನು ತಲೆಕೆಳಗು ಮಾಡುತ್ತಾರೆ. ಎಲ್ಲಕ್ಕಿಂತ ಹಳೆಯ ಗುರುತು ಹಿಡಿದುಕೊಂಡು ಅದೇ ವಯಸ್ಸು ಅಂತ ಬರೆದುಬಿಡುತ್ತಾರೆ. ಎಲ್ಲರೂ ಬೇಕಂತಲೇ ಮಾಡುತ್ತಾರೆ ಅಂತಲ್ಲ. ಎಷ್ಟೋ ಜನರಿಗೆ ಗೊತ್ತಿರುವುದೇ ಅಷ್ಟು.

ಬಟ್ಟೆಯಲ್ಲಿ ಎರಡು ಬಗೆಯ ಲೇಬಲ್ ಇರುತ್ತವೆ. ಒಂದು ಕಂಪನಿ ತನ್ನ ಹೆಸರು ತೋರಿಸಲು ಹಾಕಿದ್ದು. ಇನ್ನೊಂದು ಸರ್ಕಾರ ಹಾಕು ಅಂದಿದ್ದಕ್ಕೆ ಹಾಕಿದ್ದು: ಎಷ್ಟು ಹತ್ತಿ, ಎಷ್ಟು ಪಾಲಿಯೆಸ್ಟರ್, ಹೇಗೆ ಒಗೆಯಬೇಕು, ಎಲ್ಲಿ ಹೊಲಿದದ್ದು. ಎಲ್ಲರೂ ಮೊದಲನೆಯದನ್ನು ನೋಡುತ್ತಾರೆ. ನಾನು ಎರಡನೆಯದನ್ನು ಮೊದಲು ನೋಡುತ್ತೇನೆ. ಕಂಪನಿ ತನ್ನ ಹಳೆಯ ಲೋಗೋವನ್ನು ಯಾವಾಗ ಬೇಕಾದರೂ ವಾಪಸ್ ತರಬಹುದು. ಕಾನೂನಿನ ಲೇಬಲ್ ಹಾಗಲ್ಲ, ಅದು ಜಾರಿಗೆ ಬಂದ ತಾರೀಖು ಬರವಣಿಗೆಯಲ್ಲಿದೆ.

ಈಗ ಜಾಕೆಟ್. ಕೆಂಪು ಟ್ಯಾಗ್‌ನಿಂದ ಶುರು ಮಾಡೋಣ, ಏಕೆಂದರೆ ನಿಮಗೆ ಮಾರಿದವರೂ ಅಲ್ಲಿಂದಲೇ ಶುರು ಮಾಡಿರುತ್ತಾರೆ. ಲೀವೈಸ್ ಕಂಪನಿ ಈ ಟ್ಯಾಗನ್ನು 1936ರಲ್ಲಿ ತಂದಿತು. ಬೇರೆ ಕಂಪನಿಗಳೂ ಅದೇ ತರಹದ ಪ್ಯಾಂಟ್ ಹೊಲಿಯುತ್ತಿದ್ದವು, ದೂರದಿಂದಲೇ ತಮ್ಮದು ಗುರುತು ಸಿಗಲಿ ಅಂತ ಹಿಂದಿನ ಜೇಬಿನ ಅಂಚಿಗೆ ಹೊಲಿದರು. ಮೊದಲು ಎಲ್ಲ ಅಕ್ಷರವೂ ದೊಡ್ಡದು. 1967ರಲ್ಲಿ ಬಾವಲಿ ರೆಕ್ಕೆಯ ಆಕಾರದ ಹೊಸ ಲೋಗೋ ಬಂತು, ಅದರಲ್ಲಿ 'ಇ' ಸಣ್ಣಕ್ಷರ. ಆಮೇಲೆ 1971ರಲ್ಲಿ ಟ್ಯಾಗ್‌ನಲ್ಲೂ ಸಣ್ಣ 'ಇ' ಮಾಡಿದರು. ಹಳೆ ಬಟ್ಟೆ ಸಂಗ್ರಹಿಸುವವರು 'ಬಿಗ್ ಇ' ಅಂದರೆ ಕಿವಿ ನಿಮಿರಿಸುವುದು ಇದಕ್ಕೇ. ದೊಡ್ಡ 'ಇ' ಇದ್ದರೆ 1971ಕ್ಕಿಂತ ಮೊದಲಿನದು ಅಂತ ಲೆಕ್ಕ, ಬೆಲೆ ಎಲ್ಲಿಗೋ ಹೋಗುತ್ತದೆ.

ಸಣ್ಣ 'ಇ' ಇದ್ದರೆ? 1971ರ ನಂತರ ಅಂತ ಅಷ್ಟೇ. ಹೋದ ವಾರ ಮಾಲ್‌ನಲ್ಲಿ ಕೊಂಡ ಪ್ಯಾಂಟಿನಲ್ಲೂ ಅದೇ ಸಣ್ಣ 'ಇ' ಇರಬಹುದು. ಇದನ್ನು 70ರ ದಶಕದ ಗುರುತು ಅನ್ನುವುದು ತಪ್ಪು.

ಹಾಗಂತ ದೊಡ್ಡ 'ಇ' ಕಂಡ ತಕ್ಷಣ ಕುಣಿಯಬೇಡಿ. ಲೀವೈಸ್ ತಾನೇ ತನ್ನ ಹಳೆಯ ಮಾದರಿಗಳನ್ನು ದಶಕಗಳಿಂದ ಮತ್ತೆ ಹೊಲಿಯುತ್ತಿದೆ. ಲೀವೈಸ್ ವಿಂಟೇಜ್ ಕ್ಲೋಥಿಂಗ್ ಅನ್ನುವ ಸರಣಿಯೇ ಇದೆ. ಅದರಲ್ಲಿ ದೊಡ್ಡ 'ಇ', ಅಂಚುಗಟ್ಟಿದ ಸೆಲ್ವೆಜ್ ಬಟ್ಟೆ, ಒಳಗೆ ಅಡಗಿಸಿದ ರಿವೆಟ್ (ಜೇಬಿನ ಮೂಲೆ ಗಟ್ಟಿ ಮಾಡುವ ಲೋಹದ ಮೊಳೆ), ಎಲ್ಲ ಹಳೆಯದರಂತೆಯೇ. ಇಂಥವನ್ನು ಹಿಡಿಯುವುದು ಒಳಗಿನ ಒಗೆಯುವ ಲೇಬಲ್‌ನಿಂದ. 1955ರ ಮಾದರಿಯ ಪ್ಯಾಂಟಿನ ಒಳಗೆ ಇಸ್ತ್ರಿಪೆಟ್ಟಿಗೆ, ಬಕೆಟ್ ಚಿತ್ರಗಳಿದ್ದರೆ ವಿಷಯ ಅಲ್ಲಿಗೆ ಮುಗಿಯಿತು. ಗುಂಡಿಯ ಹಿಂದೆ 555 ಅಂತ ಇದ್ದರೂ ಅಷ್ಟೇ. ಅದು ಸ್ಯಾನ್ ಫ್ರಾನ್ಸಿಸ್ಕೋದ ವೆಲೆನ್ಸಿಯಾ ಸ್ಟ್ರೀಟ್ ಫ್ಯಾಕ್ಟರಿಯ ನಂಬರ್. 2002ರಲ್ಲಿ ಮುಚ್ಚಿದ ಆ ಫ್ಯಾಕ್ಟರಿಯಲ್ಲೇ 90ರ ದಶಕದ ಮರುಹೊಲಿಗೆಗಳು ತಯಾರಾಗುತ್ತಿದ್ದವು. ಗುಂಡಿ ಅಸಲಿ, ಫ್ಯಾಕ್ಟರಿ ಅಸಲಿ, ಕಂಪನಿಯೂ ಅಸಲಿ. ಕಾಲ ಮಾತ್ರ ಬೇರೆ.

ನಿಮ್ಮ ಜಾಕೆಟ್ ವಿಷಯದಲ್ಲಿ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಪಕ್ಕದ ಜೇಬುಗಳೇ ಸಾಕು. ಎದೆಯ ಜೇಬಿನಿಂದ ಸೊಂಟದ ಕಡೆಗೆ ಹೊಲಿಗೆಗಳು ಓರೆಯಾಗಿ ಇಳಿಯುವ ಈ ಮಾದರಿ 1960ರ ದಶಕದ ಆರಂಭದಲ್ಲಿ ಬಂತು. 70ರ ದಶಕದಲ್ಲಿ ಮಾರಾಟವಾಗುತ್ತಿದ್ದ 70505 ನಂಬರಿನ ಜಾಕೆಟ್‌ಗೆ ಎದೆಯ ಮೇಲಿನ ಎರಡೇ ಜೇಬು. ಕೈ ಇಟ್ಟುಕೊಳ್ಳುವ ಪಕ್ಕದ ಜೇಬು ಸೇರಿದ್ದು 1980ರ ದಶಕದಲ್ಲಿ, 70506 ಅದರದೇ ನಂಬರ್. ನಿಮ್ಮ ಲೇಬಲ್‌ನಲ್ಲೂ ಅದೇ ಇದೆ ಅಲ್ವಾ? ಜಾಕೆಟ್ ಇದಕ್ಕಿಂತ ಹಳೆಯದಾಗಿರಲಾರದು. ಎಷ್ಟು ಈಚಿನದಾಗಿರಬಹುದು ಅಂತ ಹೇಳುವುದು 'ಮೇಡ್ ಇನ್ ಯು.ಎಸ್.ಎ.' ಅನ್ನುವ ಮಾತು. ಅಮೆರಿಕದಲ್ಲಿ ತಾನೇ ನಡೆಸುತ್ತಿದ್ದ ಕೊನೆಯ ಹೊಲಿಗೆ ಫ್ಯಾಕ್ಟರಿಗಳನ್ನು ಕಂಪನಿ 2003ರ ಕೊನೆಯ ಹೊತ್ತಿಗೆ ಮುಚ್ಚಿತು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಇದ್ದವು. ಆಮೇಲೂ ಕೆಲವು ದುಬಾರಿ ಮಾದರಿಗಳು ಅಮೆರಿಕದಲ್ಲಿ ಹೊಲಿದು ಬಂದಿವೆ, ಆದರೆ ಸಾಮಾನ್ಯ 70506 ಅದರಲ್ಲಿ ಸೇರುವುದಿಲ್ಲ.

ಇನ್ನೂ ಹತ್ತಿರ ಹೋಗಬೇಕಾದರೆ ಆ ಮಾಸಿದ ಅಂಕಿಗಳನ್ನು ಓದಬೇಕು. ಲೇಬಲ್ ಹಿಂದೆ ಮೊಬೈಲ್ ಟಾರ್ಚ್ ಇಟ್ಟು, ಇನ್ನೊಂದು ಮೊಬೈಲ್‌ನಲ್ಲಿ ಫೋಟೋ ತೆಗೆದು, ಕಾಂಟ್ರಾಸ್ಟ್ ಜಾಸ್ತಿ ಮಾಡಿ. ಬಟ್ಟೆ ಒದ್ದೆ ಮಾಡಿ ಉಜ್ಜಲು ಹೋಗಬೇಡಿ, ಉಳಿದ ಶಾಯಿಯೂ ಹೋಗುತ್ತದೆ. 90ರ ದಶಕದ ಹಲವು ಲೀವೈಸ್ ಲೇಬಲ್‌ಗಳಲ್ಲಿ ತಿಂಗಳು, ವರ್ಷ ಸೇರಿಸಿ ನಾಲ್ಕು ಅಂಕಿ ಇರುತ್ತದೆ. 0894 ಅಂದರೆ 1994ರ ಆಗಸ್ಟ್. ಅದರ ಹತ್ತಿರ ಫ್ಯಾಕ್ಟರಿ ನಂಬರ್ ಇರುತ್ತದೆ, ಗುಂಡಿಯ ಹಿಂದಿನ ನಂಬರಿಗೆ ಅದು ಹೊಂದಿದರೆ ನೆಮ್ಮದಿ. ಅದಕ್ಕಿಂತ ಹಳೆಯ ಲೇಬಲ್‌ಗಳಲ್ಲಿ ವರ್ಷಕ್ಕೆ ಒಂದೇ ಅಂಕಿ. 6 ಅಂದರೆ 76ಆ, 86ಆ? ಅಂಕಿ ಹೇಳುವುದಿಲ್ಲ. ನಿಮ್ಮದರಲ್ಲಿ ಹಾಗಿದ್ದರೆ ಪಕ್ಕದ ಜೇಬು ನೋಡಿ 86 ಅನ್ನಬೇಕು.

ಡಬ್ಲ್ಯುಪಿಎಲ್ ಗೊಂದಲ ಬಹಳ ಜನರಿಗೆ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಮೆರಿಕದಲ್ಲಿ ಉಣ್ಣೆ ಬಟ್ಟೆಯ ಲೇಬಲ್ ಕಾನೂನು 1940ರಲ್ಲಿ ಪಾಸಾಗಿ 1941ರಲ್ಲಿ ಜಾರಿಗೆ ಬಂತು. ಲೇಬಲ್ ಮೇಲೆ ಕಂಪನಿಯ ಉದ್ದ ಹೆಸರಿನ ಬದಲು ಒಂದು ನೋಂದಣಿ ನಂಬರ್ ಹಾಕಬಹುದು ಅಂದರು. ಅದೇ ಡಬ್ಲ್ಯುಪಿಎಲ್ ನಂಬರ್. ಹೊಸ ಡಬ್ಲ್ಯುಪಿಎಲ್ ನಂಬರ್ ಕೊಡುವುದು 1959ಕ್ಕೆ ನಿಂತಿತು. ಆಮೇಲಿಂದ ಎಲ್ಲರಿಗೂ ಆರ್‌ಎನ್ ಅನ್ನುವ ನೋಂದಣಿ ನಂಬರ್, ಅದು 13670ರಿಂದ ಮುಂದಕ್ಕೆ ಎಣಿಸುತ್ತಾ ಬಂದಿದೆ. ನೀವು ಓದಿದ್ದು ಇಲ್ಲಿಯವರೆಗೆ ಸರಿ. ತಪ್ಪಿದ್ದು ಮುಂದಿನ ಹೆಜ್ಜೆ. ಆ ನಂಬರ್ ಸಿಕ್ಕಿದ್ದು ಕಂಪನಿಗೆ, ಬಟ್ಟೆಗಲ್ಲ. ಒಮ್ಮೆ ಪಡೆದ ಕಂಪನಿ ಅದನ್ನೇ ಕೊನೆಯವರೆಗೂ ಬಳಸಬಹುದು. ನಮ್ಮ ಮನೆಯ ಸ್ಕೂಟರ್ ನಂಬರ್ ಪ್ಲೇಟ್ ನೋಡಿ ಅದರ ಸೀಟ್ ಕವರ್ ಯಾವ ವರ್ಷದ್ದು ಅಂತ ಹೇಳಿದ ಹಾಗಾಗುತ್ತದೆ. 423 ಲೀವೈಸ್ ಕಂಪನಿಯ ನಂಬರ್, ಬಹಳ ಈಚಿನ ಜೀನ್ಸ್‌ಗಳಲ್ಲೂ ಅದೇ ಇರುತ್ತದೆ.

ಆರ್‌ಎನ್ ನಂಬರಿಗೂ ಇದೇ ಮಾತು. ಆನ್‌ಲೈನ್‌ನಲ್ಲಿ ಒಂದು ಸೂತ್ರ ಓಡಾಡುತ್ತಿದೆ: ಆರ್‌ಎನ್ ನಂಬರಿನಲ್ಲಿ 13670 ಕಳೆದು, 2635ರಿಂದ ಭಾಗಿಸಿ, 1959 ಕೂಡಿಸಿ, ವರ್ಷ ಸಿಗುತ್ತದೆ ಅಂತ. ಸಿಗುವುದು ಕಂಪನಿ ನೋಂದಣಿಯಾದ ವರ್ಷ, ಅದೂ ಸುಮಾರಾಗಿ. ಬಟ್ಟೆ ಅದಕ್ಕಿಂತ ಮೊದಲಿನದಲ್ಲ ಅನ್ನಲು ಸಾಕು, ಅದಕ್ಕಿಂತ ಹೆಚ್ಚು ಭಾರ ಅದರ ಮೇಲೆ ಹಾಕಬೇಡಿ. ಆರ್‌ಎನ್‌ನ ನಿಜವಾದ ಉಪಯೋಗ ಬೇರೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ಜಾಲತಾಣದಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಯದು ಅಂತ ಬರುತ್ತದೆ, ಕಾಸು ಕೊಡಬೇಕಿಲ್ಲ. ನಿಮ್ಮ ಕೋಟಿನ ಕತ್ತಿನಲ್ಲಿರುವುದು ಅಂಗಡಿಯ ಹೆಸರಾಗಿದ್ದರೆ, ನಿಜವಾಗಿ ಹೊಲಿಸಿದವರು ಯಾರು ಅನ್ನುವುದು ಅಲ್ಲಿ ತಿಳಿಯಬಹುದು.

ಈಗ ಕೋಟು. ನನಗೆ ಇಷ್ಟವಾದದ್ದು ಇದೇ.

ಐಎಲ್‌ಜಿಡಬ್ಲ್ಯುಯು ಅಂದರೆ ಅಮೆರಿಕದಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಕಾರ್ಮಿಕರ ಸಂಘ. 1900ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಯಿತು. ಸದಸ್ಯರಲ್ಲಿ ವಲಸೆ ಬಂದ ಹೆಂಗಸರೇ ಜಾಸ್ತಿ. 1911ರಲ್ಲಿ ಅದೇ ಊರಿನ ಟ್ರಯಾಂಗಲ್ ಅನ್ನುವ ಬಟ್ಟೆ ಫ್ಯಾಕ್ಟರಿಗೆ ಬೆಂಕಿ ಬಿದ್ದು 146 ಜನ ಸತ್ತ ಮೇಲೆ ಸಂಘ ಇನ್ನಷ್ಟು ಬಲವಾಯಿತು. ಸಂಘದ ಸದಸ್ಯರು ಹೊಲಿದ ಬಟ್ಟೆಗೆ ಈ ಚಿಕ್ಕ ಲೇಬಲ್ ಹಾಕುತ್ತಿದ್ದರು, ಸಾಮಾನ್ಯವಾಗಿ ಪಕ್ಕದ ಹೊಲಿಗೆಯೊಳಗೆ. ಬ್ರ್ಯಾಂಡ್ ಲೇಬಲ್ ಹರಿದುಹೋಗಿದ್ದರೂ ಇದು ಉಳಿದಿರುತ್ತದೆ. ಸಂಘ ತನ್ನ ಲೇಬಲ್‌ನ ವಿನ್ಯಾಸವನ್ನು ಆಗಾಗ ಬದಲಿಸಿತು. 1955ರ ಕೊನೆಗೆ ಅಲ್ಲಿನ ಎರಡು ದೊಡ್ಡ ಕಾರ್ಮಿಕ ಒಕ್ಕೂಟಗಳು ಒಂದಾಗಿ ಎಎಫ್‌ಎಲ್-ಸಿಐಒ ಆಯಿತು. ಲೇಬಲ್‌ನಲ್ಲಿ ಬರೀ ಎಎಫ್‌ಎಲ್ ಇದ್ದರೆ ಅದಕ್ಕಿಂತ ಮೊದಲಿನದು, ಎರಡೂ ಇದ್ದರೆ ನಂತರದ್ದು. ಕೆಂಪು, ಬಿಳಿ, ನೀಲಿ ಮೂರೂ ಬಣ್ಣ ಬಂದದ್ದು 1974ರಲ್ಲಿ. 1995ರಲ್ಲಿ ಸಂಘ ಇನ್ನೊಂದು ಸಂಘದ ಜೊತೆ ಸೇರಿ ಯುನೈಟ್ ಅನ್ನುವ ಹೆಸರು ಪಡೆಯಿತು, ಲೇಬಲ್‌ನಲ್ಲೂ ಹೆಸರು ಬದಲಾಯಿತು. ಅಂದರೆ ನಿಮ್ಮ ಕೋಟು 1974 ಮತ್ತು 1995ರ ನಡುವೆ.

ಇಪ್ಪತ್ತು ವರ್ಷದ ಅಂತರ ದೊಡ್ಡದಾಯಿತು, ಕಡಿಮೆ ಮಾಡೋಣ. ಶೇಕಡಾ ಲೆಕ್ಕದಲ್ಲಿ ನೂಲಿನ ವಿವರ ಅಮೆರಿಕದಲ್ಲಿ ಎಲ್ಲ ಬಗೆಯ ಬಟ್ಟೆಗೂ ಕಡ್ಡಾಯವಾದದ್ದು 1960ರಲ್ಲಿ. ಒಗೆಯುವ ಸೂಚನೆ ಕಡ್ಡಾಯವಾದದ್ದು 1972ರ ಜುಲೈನಲ್ಲಿ. ಇವೆರಡೂ ನಮಗೆ ಹೊಸದೇನನ್ನೂ ಹೇಳುವುದಿಲ್ಲ, 1974 ಆಗಲೇ ಸಿಕ್ಕಿದೆ. ಸಹಾಯ ಮಾಡುವುದು ಕೋಟಿನಲ್ಲಿ ಇಲ್ಲದ ಮಾತು. ದೇಶದ ಹೆಸರು ಇಲ್ಲ ಅಂದಿರಿ. ಸಂಘದ ಲೇಬಲ್ ಇರುವುದರಿಂದ ಅದು ಅಮೆರಿಕದಲ್ಲೇ ಹೊಲಿದದ್ದು. ಆಮದು ಬಟ್ಟೆಗೆ ದೇಶದ ಹೆಸರು ಹಾಕಬೇಕು ಅನ್ನುವ ನಿಯಮ ಹಿಂದಿನಿಂದಲೂ ಇತ್ತು. ಸ್ವದೇಶದಲ್ಲಿ ಹೊಲಿದದ್ದಕ್ಕೂ 'ಮೇಡ್ ಇನ್ ಯು.ಎಸ್.ಎ.' ಹಾಕಲೇಬೇಕು ಅಂತ ಆದದ್ದು 1984ರ ತಿದ್ದುಪಡಿಯಲ್ಲಿ. ಅಲ್ಲಿಗೆ 1974ರಿಂದ 1984. ಒಂದು ಷರತ್ತು: ಯಾವುದಾದರೂ ಲೇಬಲ್ ಕಿತ್ತುಹೋಗಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಅಸ್ತರಿನ ಹೊಲಿಗೆ ಉದ್ದಕ್ಕೂ ಬೆರಳಾಡಿಸಿ. ಕತ್ತರಿಸಿದ ಲೇಬಲ್‌ನ ಬುಡ ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದರೆ ಬೆರಳಿಗೆ ತಾಗುತ್ತದೆ.

ಕೋಟಿನಲ್ಲಿ ಉಣ್ಣೆಯ ಉಂಡೆಯಂತೆ ಸುತ್ತಿದ ಗೆರೆಗಳ ವುಲ್‌ಮಾರ್ಕ್ ಚಿಹ್ನೆ ಇದೆಯಾ ಅಂತ ನೀವು ಬರೆದಿಲ್ಲ. ಆ ಚಿಹ್ನೆ 1964ರಲ್ಲಿ ಬಂತು. 50ರ ದಶಕದ್ದು ಅಂತ ಮಾರುವ ಸ್ವೆಟರ್, ಕೋಟುಗಳಲ್ಲಿ ಇದು ಕಂಡರೆ ನಕ್ಕು ಮುಂದೆ ಹೋಗಿ. ಅಂಗಡಿ ವಿಳಾಸದಲ್ಲಿ ಜಿಪ್ ಕೋಡ್ ಇದ್ದರೂ ಹೀಗೇ. ಅಮೆರಿಕದ ಅಂಚೆ ಇಲಾಖೆ ಅದನ್ನು ಶುರು ಮಾಡಿದ್ದು 1963ರಲ್ಲಿ.

ದೇಶಗಳ ಹೆಸರು ಇನ್ನೊಂದು ಒಳ್ಳೆಯ ಸುಳಿವು, ಅದಕ್ಕೆ ಜವಳಿಯ ಜ್ಞಾನವೇ ಬೇಡ, ಶಾಲೆಯ ಇತಿಹಾಸ ಸಾಕು. ವೆಸ್ಟ್ ಜರ್ಮನಿ ಅಂದರೆ 1990ರ ಒಳಗೆ. ಬ್ರಿಟಿಷ್ ಹಾಂಗ್‌ಕಾಂಗ್ ಅಂದರೆ 1997ರ ಒಳಗೆ. ಜೆಕೊಸ್ಲೊವಾಕಿಯಾ ಅಂದರೆ 1992ರ ಒಳಗೆ. ಹಾಗೆಯೇ 80, 90ರ ದಶಕದ ಅಮೆರಿಕನ್ ಬಟ್ಟೆಗಳಲ್ಲಿ ಮಕಾವ್, ಮಾರಿಷಸ್‌ನಂಥ ಪುಟ್ಟ ಜಾಗಗಳ ಹೆಸರು ಕಂಡು ಆಶ್ಚರ್ಯಪಡಬೇಡಿ. 1974ರಲ್ಲಿ ಶುರುವಾದ ಬಹುನೂಲು ಒಪ್ಪಂದ ಅನ್ನುವ ಜವಳಿ ವ್ಯಾಪಾರದ ಒಪ್ಪಂದದಿಂದ ಬಟ್ಟೆ ರಫ್ತು ಮಾಡುವ ದೇಶಗಳಿಗೆ ಕೋಟಾ, ಅಂದರೆ ಇಷ್ಟೇ ಕಳುಹಿಸಬಹುದು ಅನ್ನುವ ಮಿತಿ ಬಂತು, ಕೋಟಾಗಳು 2004ರವರೆಗೂ ಇದ್ದವು. ಒಂದು ದೇಶದ ಕೋಟಾ ತುಂಬಿದರೆ ಕಂಪನಿಗಳು ಕೋಟಾ ಉಳಿದಿರುವ ಇನ್ನೊಂದು ದೇಶ ಹುಡುಕಿಕೊಂಡು ಹೋಗುತ್ತಿದ್ದವು. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಆ ಕಾಲಕ್ಕೆ ಕೆಲಸ ಮಾಡಿದವರನ್ನು ಕೇಳಿ ನೋಡಿ, ಕೋಟಾ ಅನ್ನುವ ಮಾತು ಅವರಿಗೆ ಚೆನ್ನಾಗಿ ನೆನಪಿರುತ್ತದೆ.

ಬೇರೆ ಬ್ರ್ಯಾಂಡ್‌ಗಳಲ್ಲಿ ನನಗೆ ಉಪಯೋಗಕ್ಕೆ ಬಂದ ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಬರ್ಬೆರಿ ಲೇಬಲ್‌ನಲ್ಲಿ ಹೆಸರಿನ ಕೊನೆಗೆ 'ಎಸ್' ಇದ್ದು 'ಬರ್ಬೆರಿಸ್' ಅಂತಿದ್ದರೆ ಅದು 1999ರ ಬದಲಾವಣೆಗೆ ಮೊದಲಿನದು. ಮಾರ್ಕ್ಸ್ ಅಂಡ್ ಸ್ಪೆನ್ಸರ್ ತನ್ನ ಬಟ್ಟೆಗಳಿಗೆ 'ಸೇಂಟ್ ಮೈಕೆಲ್' ಅನ್ನುವ ಹೆಸರು ಹಾಕುತ್ತಿತ್ತು, 1928ರಿಂದ 2000ದವರೆಗೆ. ಲಂಡನ್ನಿಂದ ಚಿಕ್ಕಪ್ಪನೋ ಮಾವನೋ ತಂದ ಸ್ವೆಟರ್ ಮನೆಯ ಟ್ರಂಕ್‌ನಲ್ಲಿದ್ದರೆ ತೆಗೆದು ನೋಡಿ. ಅಡಿಡಾಸ್‌ನ ಮೂರೆಲೆಯ ಚಿಹ್ನೆ 1972ರಿಂದ ಬಳಕೆಗೆ ಬಂತು, ಆದರೆ ಕಂಪನಿಯ ಒರಿಜಿನಲ್ಸ್ ಸರಣಿಯಲ್ಲಿ ಅದು ಈಗಲೂ ಇದೆ. ಹಾಗಾಗಿ 'ಮೂರೆಲೆ ಇದೆ, ಹಳೆಯದು' ಅನ್ನುವುದೂ ಸಣ್ಣ 'ಇ' ವಾದದಷ್ಟೇ ಪೊಳ್ಳು. ಪ್ಯಾಟಗೋನಿಯಾ ಈಚಿನ ಲೇಬಲ್‌ಗಳಲ್ಲಿ ಋತು ಮತ್ತು ವರ್ಷವನ್ನೇ ಬರೆಯುತ್ತದೆ. ಮಾದರಿ ಸಂಖ್ಯೆಯ ಕೊನೆಗೆ 'ಎಫ್‌ಎ14' ಇದ್ದರೆ 2014ರ ಫಾಲ್ (ಶರತ್ಕಾಲ) ಸೀಸನ್. ಎಲ್ಲರೂ ಹೀಗೆ ಮಾಡಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ.

ಒಂದು ಎಚ್ಚರಿಕೆ. ಹಳೆಯ ಲೇಬಲ್‌ಗಳೇ ಬಿಡಿಬಿಡಿಯಾಗಿ ಮಾರಾಟಕ್ಕೆ ಸಿಗುತ್ತವೆ. ಪಾಣಿಪತ್‌ಗೆ ಹೊರದೇಶದ ಹಳೆ ಉಣ್ಣೆ ಬಟ್ಟೆ ರಾಶಿ ರಾಶಿ ಬಂದು, ಚಿಂದಿಯಾಗಿ, ಮತ್ತೆ ನೂಲಾಗುತ್ತದೆ. ಅಲ್ಲಿ ಮೊದಲು ಮಾಡುವ ಕೆಲಸ ಗುಂಡಿ, ಜಿಪ್, ಲೇಬಲ್ ಕತ್ತರಿಸಿ ತೆಗೆಯುವುದು. ಲೇಬಲ್ ಒಂದು ಬಟ್ಟೆಯಿಂದ ಇನ್ನೊಂದಕ್ಕೆ ಹೋಗುವುದು ಕಷ್ಟವೇನಲ್ಲ. ಆದ್ದರಿಂದ ಲೇಬಲ್ ಸುತ್ತಲಿನ ಹೊಲಿಗೆ ನೋಡಿ. ದಾರ ಮಾತ್ರ ಹೊಳೆಯುತ್ತಿದೆಯಾ? ಪಕ್ಕದಲ್ಲಿ ಹಳೆಯ ಸೂಜಿ ತೂತುಗಳ ಸಾಲು ಇದೆಯಾ? ಬಟ್ಟೆ ಮಾಸಿ ಲೇಬಲ್ ಮಾತ್ರ ಹೊಸದಾಗಿದೆಯಾ? ಯಾವುದಕ್ಕಾದರೂ ಹೌದು ಅಂತಾದರೆ ಆ ಲೇಬಲ್ ಮಾತು ನಂಬಬೇಡಿ.

ಮನೆಯ ಸೀರೆ, ಷರ್ಟ್‌ಗಳಿಗೂ ಇದೇ ದಾರಿ ನಡೆಯುತ್ತದೆ. ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. 'ಮೈಸೂರು ರಾಜ್ಯ' ಅಂತ ಮುದ್ರಿಸಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದು. ಮದ್ರಾಸ್ ಅನ್ನುವುದು ಚೆನ್ನೈ ಆದದ್ದು 1996ರಲ್ಲಿ, ಆದರೆ ಹಳೆ ಲೇಬಲ್ ರೋಲ್ ಮುಗಿಯುವವರೆಗೂ ಅಂಗಡಿಯವರು ಅದನ್ನೇ ಹಾಕಿರುತ್ತಾರೆ, ಎರಡು ಮೂರು ವರ್ಷ ಆಚೀಚೆ ಬಿಡಿ. ಮೈಸೂರು ಸಿಲ್ಕ್ ಸೀರೆಯಲ್ಲಿ ಕೆಎಸ್‌ಐಸಿ, ಅಂದರೆ ಕರ್ನಾಟಕ ರೇಷ್ಮೆ ಉದ್ಯಮ ನಿಗಮದ ಹೆಸರಿದ್ದರೆ 1980ರ ನಂತರದ್ದು. 1912ರಲ್ಲಿ ಶುರುವಾದ ಸರ್ಕಾರಿ ನೇಯ್ಗೆ ಕಾರ್ಖಾನೆ ಆ ವರ್ಷ ನಿಗಮದ ಕೈಗೆ ಬಂತು. ಅಪ್ಪಟ ರೇಷ್ಮೆ ಅಂತ ಹೇಳುವ ಸಿಲ್ಕ್ ಮಾರ್ಕ್ ಚೀಟಿ ಬಂದದ್ದು 2004ರಲ್ಲಿ. ಅಜ್ಜಿಯ ಮದುವೆ ಸೀರೆ ಅಂತ ಯಾರಾದರೂ ಸಿಲ್ಕ್ ಮಾರ್ಕ್ ಸಮೇತ ಮಾರಲು ಬಂದರೆ ಅಜ್ಜಿಯ ಮದುವೆ ಯಾವಾಗಾಯಿತು ಅಂತ ಒಮ್ಮೆ ಕೇಳಿ.

ಜಾಕೆಟ್‌ಗೆ ಕೊಟ್ಟ ದುಡ್ಡಿನ ವಿಷಯ. ಅಮೆರಿಕದಲ್ಲಿ ಹೊಲಿದ ಹಳೆ 70506ಗೆ ಅದರದೇ ಆದ ಬೆಲೆ ಇದೆ, ಬಟ್ಟೆ ಚೆನ್ನಾಗಿದ್ದರೆ ಇಟ್ಟುಕೊಳ್ಳಿ. ಆದರೆ 70ರ ದಶಕದ ಬೆಲೆ ಕೊಟ್ಟಿದ್ದೀರಿ. ಪಕ್ಕದ ಜೇಬು ಮತ್ತು ಒಳಗಿನ ನಂಬರಿನ ಫೋಟೋ ಕಳುಹಿಸಿ ಮಾರಿದವರ ಹತ್ತಿರ ಮಾತಾಡಿ, ವ್ಯತ್ಯಾಸದ ದುಡ್ಡು ವಾಪಸ್ ಕೇಳುವುದರಲ್ಲಿ ತಪ್ಪಿಲ್ಲ. ಇನ್ನು ಮುಂದೆ ಕೊಳ್ಳುವ ಮುಂಚೆ ಮೂರು ಫೋಟೋ ಕೇಳಿ: ಒಗೆಯುವ ಲೇಬಲ್‌ನ ಎರಡೂ ಬದಿ, ಗುಂಡಿಯ ಹಿಂಭಾಗ, ಲೇಬಲ್ ಹೊಲಿದಿರುವ ಜಾಗ. ಬರೀ ಕೆಂಪು ಟ್ಯಾಗ್‌ನ ಫೋಟೋ ಕಳುಹಿಸಿದರೆ ಆ ಕಡೆ ಹೋಗಬೇಡಿ.

ಕೋಟಿನ ಲೇಬಲ್ ಕತ್ತರಿಸಬೇಡಿ. ಕತ್ತರಿಸಿದರೆ ನಾನು ಮೇಲೆ ಹೇಳಿದ ಲೆಕ್ಕವನ್ನು ಮುಂದೆ ಯಾರೂ ಮಾಡಲಾರರು, ಮಾರುವಾಗ ಬೆಲೆಯೂ ಇಳಿಯುತ್ತದೆ. ಚುಚ್ಚುವುದು ಸಾಮಾನ್ಯವಾಗಿ ಲೇಬಲ್‌ನ ಮಡಚಿದ ಮೂಲೆ. ಅದರ ಮೇಲೆ ತೆಳ್ಳನೆಯ ಮಲ್ ಬಟ್ಟೆಯ ಚಿಕ್ಕ ತುಂಡನ್ನು ಮೂರು ಕಡೆ ಕೈಹೊಲಿಗೆ ಹಾಕಿ ಮುಚ್ಚಿ, ಒಂದು ಕಡೆ ತೆರೆದಿರಲಿ. ಸೂಜಿ ಅಸ್ತರಿಗೆ ಮಾತ್ರ ತಾಗಬೇಕು, ಲೇಬಲ್‌ಗೆ ಬೇಡ. ಮನೆ ಹತ್ತಿರದ ಟೈಲರ್ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ, ಮಿಷನ್ ಹೊಲಿಗೆ ಬೇಡ ಅಂತ ಮೊದಲೇ ಹೇಳಿ.